ಬೇಲಿಯೊಳಗಿನ ಶಾಲೆ

ಕ್ಯೂಬಾ ದೇಶದ ನೆಲದ ಮೇಲೆ ಒಂದು ಅಮೆರಿಕನ್ ಸರ್ಕಾರಿ ಶಾಲೆ ಇದೆ. ಹೆಸರು ಡಬ್ಲ್ಯೂ. ಟಿ. ಸ್ಯಾಂಪ್ಸನ್ ಶಾಲೆ. ಶುರುವಾಗಿದ್ದು 1931ರಲ್ಲಿ. ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನಿಕರ ಮಕ್ಕಳಿಗಾಗಿ ಹೊರದೇಶಗಳಲ್ಲಿ ನಡೆಸುತ್ತಿರುವ ಶಾಲೆಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಇರುವ ಜಾಗ ಗ್ವಾಂಟಾನಮೊ ಕೊಲ್ಲಿ. ಆ ಹೆಸರು ಕಿವಿಗೆ ಬಿದ್ದರೆ ನಮ್ಮಲ್ಲಿ ಹೆಚ್ಚಿನವರಿಗೆ ಕಣ್ಮುಂದೆ ಬರುವುದು ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು ಮಂಡಿಯೂರಿ ಕೂತ ಕೈದಿಗಳ ಫೋಟೊ. ಭಯೋತ್ಪಾದನೆಯ ಶಂಕೆಯಲ್ಲಿ ಹಿಡಿದವರನ್ನು ಅಮೆರಿಕ ಕೂಡಿಟ್ಟ ಆ ಜೈಲು ಬಂದಿದ್ದು 2002ರಲ್ಲಿ. ಶಾಲೆ ಅದಕ್ಕಿಂತ ಎಪ್ಪತ್ತು ವರ್ಷ ಹಳೆಯದು. ಜೈಲಿನ ಬಗ್ಗೆ ಓದುತ್ತಾ ಹೋದಾಗ ಎಲ್ಲೋ ಒಂದು ಸಾಲಿನಲ್ಲಿ ಈ ಶಾಲೆಯ ಹೆಸರು ಸಿಕ್ಕಿತು. ಅವತ್ತಿನಿಂದ ಇದರ ಬೆನ್ನು ಹತ್ತಿದ್ದೇನೆ.

ಅದಕ್ಕೆ ಕಾರಣ ಇದೆ. ನಾನೂ ಸೈನಿಕನ ಮಗಳು. ಅಪ್ಪನ ಪೋಸ್ಟಿಂಗ್ ಎಲ್ಲೆಲ್ಲೋ, ನಮ್ಮ ಶಾಲೆ ಅಲ್ಲಲ್ಲೇ. ಸೈನಿಕರ ಮಕ್ಕಳ ಶಾಲೆ ಅಂದರೆ ಏನು ಅಂತ ಒಳಗಿನಿಂದ ಒಂದಿಷ್ಟು ಗೊತ್ತು. ಆದರೆ ನಮ್ಮ ಶಾಲೆಗಳು ನಮ್ಮ ದೇಶದಲ್ಲೇ ಇದ್ದವು. ಕಂಟೋನ್ಮೆಂಟ್ ಗೇಟು ದಾಟಿದರೆ ಊರು, ಸಂತೆ, ಬಸ್ ಸ್ಟ್ಯಾಂಡು. ಗೇಟು ದಾಟಿದರೆ ಶತ್ರು ದೇಶ ಅನ್ನುವಂಥ ಶಾಲೆಯಲ್ಲಿ ಮಕ್ಕಳು ಹೇಗೆ ಬೆಳೆಯುತ್ತಾರೆ? ನನ್ನನ್ನು ಹಿಡಿದಿಟ್ಟಿದ್ದು ಆ ಪ್ರಶ್ನೆ.

ಮೊದಲು ಜಾಗದ ವಿಷಯ. 1898ರಲ್ಲಿ ಸ್ಪೇನ್ ಮತ್ತು ಅಮೆರಿಕ ನಡುವೆ ಯುದ್ಧವಾಯಿತು. ಆಗ ಕ್ಯೂಬಾ ಸ್ಪೇನಿನ ಕೈಯಲ್ಲಿತ್ತು. ಆ ವರ್ಷ ಜೂನ್‌ನಲ್ಲಿ ಅಮೆರಿಕದ ಮರೀನ್ ಪಡೆ ಗ್ವಾಂಟಾನಮೊ ಕೊಲ್ಲಿಯಲ್ಲಿ ಇಳಿಯಿತು. ಕ್ಯೂಬಾ ಸ್ವತಂತ್ರವಾದ ಮೇಲೆ, 1903ರಲ್ಲಿ, ಅಮೆರಿಕ ಆ ಕೊಲ್ಲಿಯನ್ನೂ ಸುತ್ತಲಿನ ನೆಲವನ್ನೂ ತನ್ನ ನೌಕಾನೆಲೆಗಾಗಿ ಗುತ್ತಿಗೆಗೆ ಪಡೆಯಿತು. ಒಟ್ಟು 45 ಚದರ ಮೈಲಿ. ಬಾಡಿಗೆ ವರ್ಷಕ್ಕೆ ಚಿನ್ನದ ಲೆಕ್ಕದಲ್ಲಿ 2,000 ಡಾಲರ್. 1934ರ ಒಪ್ಪಂದದಲ್ಲಿ ಇನ್ನೊಂದು ಗಂಟು ಬಿತ್ತು. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಗುತ್ತಿಗೆ ಮುಗಿಯುತ್ತದೆ, ಇಲ್ಲವೇ ಅಮೆರಿಕ ತಾನಾಗಿಯೇ ಬಿಟ್ಟು ಹೋಗಬೇಕು. ಅಂದರೆ ಮನೆ ಮಾಲೀಕ ಎಷ್ಟೇ ಕೂಗಾಡಿದರೂ ಬಾಡಿಗೆದಾರ ಏಳಬೇಕಾಗಿಲ್ಲ. 1959ರಲ್ಲಿ ಬಂಡಾಯ ಗೆದ್ದು ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ ಹೊಸತರಲ್ಲಿ ಒಂದು ಬಾಡಿಗೆ ಚೆಕ್ಕನ್ನು ನಗದು ಮಾಡಿಸಿದರು. ಆಮೇಲೆ ಬಂದ ಚೆಕ್ಕುಗಳನ್ನು ಮುಟ್ಟಲಿಲ್ಲ. ಅಮೆರಿಕ ವರ್ಷ ವರ್ಷ ಕಳಿಸುತ್ತಲೇ ಬಂತು.

ಶಾಲೆಗೆ ಇಟ್ಟ ಹೆಸರೂ ಆ 1898ರ ಯುದ್ಧದ್ದೇ. ವಿಲಿಯಂ ಟಿ. ಸ್ಯಾಂಪ್ಸನ್ ಅಮೆರಿಕದ ನೌಕಾಪಡೆಯ ಅಡ್ಮಿರಲ್. ಸ್ಯಾಂಟಿಯಾಗೊ ಬಂದರಿನಲ್ಲಿ ಸ್ಪೇನಿನ ಹಡಗುಗಳನ್ನು ವಾರಗಟ್ಟಲೆ ಮುತ್ತಿಗೆ ಹಾಕಿ ಕಾದವರು ಅವರು. ಜುಲೈ 3ರ ಬೆಳಗ್ಗೆ ಭೂಸೇನೆಯ ಜನರಲ್ ಜೊತೆ ಮಾತಾಡಲು ತಮ್ಮ ಹಡಗಿನಲ್ಲಿ ಆಚೆ ಹೊರಟರು. ಅದೇ ಹೊತ್ತಿಗೆ ಸ್ಪೇನಿನ ಹಡಗುಗಳು ಬಂದರಿನಿಂದ ಹೊರಗೆ ನುಗ್ಗಿದವು. ಅವರು ವಾಪಸ್ ಬರುವಷ್ಟರಲ್ಲಿ ಕದನ ಬಹುಪಾಲು ಮುಗಿದೇ ಹೋಗಿತ್ತು. ಗೆಲುವು ಯಾರದ್ದು, ಸ್ಯಾಂಪ್ಸನ್ ಅವರದ್ದೋ ಸ್ಥಳದಲ್ಲಿದ್ದ ಇನ್ನೊಬ್ಬ ನೌಕಾಧಿಕಾರಿ ಶ್ಲೈ ಅವರದ್ದೋ ಅನ್ನುವ ಜಗಳ ಅಮೆರಿಕದಲ್ಲಿ ವರ್ಷಗಟ್ಟಲೆ ನಡೆಯಿತು. ಕದನದ ಹೊತ್ತಿಗೆ ಜಾಗದಲ್ಲಿ ಇರಲಾಗದ ಅಡ್ಮಿರಲ್‌ನ ಹೆಸರು ಮಕ್ಕಳ ಶಾಲೆಗೆ ಬಂತು. ನನಗೆ ಇದು ಸರಿ ಅನ್ನಿಸುತ್ತದೆ. ಸೇನೆಯವರ ಮಕ್ಕಳಿಗೆ ಅಪ್ಪ ಬೇಕಾದ ಹೊತ್ತಿಗೆ ಇಲ್ಲದೇ ಇರುವುದು ಹೊಸ ಸಂಗತಿಯೇನಲ್ಲ.

1931ರಲ್ಲಿ ಅಲ್ಲಿ ಬೇಲಿ ಇದ್ದರೂ ಗೇಟು ತೆರೆದಿತ್ತು. ನಾವಿಕರು ಪಕ್ಕದ ಕೈಮಾನೆರಾ ಊರಿಗೆ ಹೋಗಿ ಬರುತ್ತಿದ್ದರು. ಅಮೆರಿಕದಲ್ಲಿ ಆಗ ಪಾನನಿಷೇಧದ ಕಾಲ ಬೇರೆ, ಕೈಮಾನೆರಾದಲ್ಲಿ ಆ ಕಾಟ ಇರಲಿಲ್ಲ. ಕ್ಯೂಬಾದ ಸಾವಿರಾರು ಜನ ನೆಲೆಯೊಳಗೆ ಕೆಲಸಕ್ಕೆ ಬರುತ್ತಿದ್ದರು. ಬಡಗಿಗಳು, ಮೆಕ್ಯಾನಿಕ್‌ಗಳು, ಗುಮಾಸ್ತರು, ಅಡುಗೆಯವರು, ಮನೆಗೆಲಸದವರು. ಮಕ್ಕಳನ್ನು ಎತ್ತಿ ಆಡಿಸುತ್ತಿದ್ದ ಕೈಗಳಲ್ಲಿ ಎಷ್ಟೋ ಕ್ಯೂಬಾದವು. 1950ರ ದಶಕದ ತನಕ ಮನೆಯವರು ರಜಾದಿನಗಳಲ್ಲಿ ಗ್ವಾಂಟಾನಮೊ ಪಟ್ಟಣಕ್ಕೋ ಸ್ಯಾಂಟಿಯಾಗೊಗೋ ಹೋಗಿ ಬರುವುದು ಮಾಮೂಲಾಗಿತ್ತು.

1958ರ ಜೂನ್‌ನಲ್ಲಿ ಅದು ಕೆಟ್ಟಿತು. ಹೊರಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದ ನಾವಿಕರನ್ನೂ ಮರೀನ್‌ಗಳನ್ನೂ ಫಿಡೆಲ್ ಅವರ ತಮ್ಮ ರೌಲ್ ಕ್ಯಾಸ್ಟ್ರೊ ಕಡೆಯ ಬಂಡುಕೋರರು ಹಿಡಿದುಕೊಂಡು ಹೋದರು. ಕೆಲವು ವಾರಗಳ ಮೇಲೆ ಬಿಟ್ಟರು. ಆದರೆ 1959ರ ಜನವರಿ 1ರಿಂದ ಬೇಲಿಯಾಚೆಗೆ ಅಮೆರಿಕನ್ನರು ಕಾಲಿಡುವಂತಿಲ್ಲ ಅಂತಾಯಿತು. ಶಾಲೆಯ ಮಕ್ಕಳಿಗೆ ಕ್ಯೂಬಾ ಅವತ್ತಿಗೆ ಮುಚ್ಚಿತು. ಇವತ್ತಿನವರೆಗೂ ತೆರೆದಿಲ್ಲ.

1961ರ ಕೊನೆಗೆ ಕ್ಯೂಬಾದ ಸೈನಿಕರು ಬೇಲಿಯ ಈಶಾನ್ಯ ಭಾಗದುದ್ದಕ್ಕೂ ಸುಮಾರು ಎಂಟು ಮೈಲಿ ಕಳ್ಳಿ ನೆಟ್ಟರು. ತಮ್ಮ ಜನ ಬೇಲಿ ಹಾರಿ ಅಮೆರಿಕನ್ ನೆಲೆಗೆ ಓಡಿಹೋಗದಿರಲಿ ಅಂತ. ಯಾವ ಕಳ್ಳಿ ಗೊತ್ತಾ? ನಮ್ಮ ಪಾಪಾಸುಕಳ್ಳಿ. ನಮ್ಮ ಹಾಸನದ ಕಡೆ ಹೊಲದ ಅಂಚಿಗೆ ದನ ನುಗ್ಗದ ಹಾಗೆ ನೆಡುತ್ತಿದ್ದರಲ್ಲ, ಅದೇ ಜಾತಿ. ಕೆಂಪು ಹಣ್ಣು, ಬೆರಳಿಗೆ ಚುಚ್ಚಿದರೆ ಕಣ್ಣಿಗೂ ಕಾಣದ ಸಣ್ಣ ಸಣ್ಣ ಮುಳ್ಳು. ಅದು ಅಮೆರಿಕಾ ಖಂಡದಿಂದಲೇ ನಮ್ಮ ಕಡೆಗೆ ಬಂದ ಗಿಡ. ಶೀತಲ ಸಮರದಲ್ಲಿ ಯುರೋಪನ್ನು ಎರಡು ಮಾಡಿದ ಗಡಿಗೆ ಕಬ್ಬಿಣದ ಪರದೆ ಅಂತಿದ್ದರಲ್ವಾ, ಇದಕ್ಕೆ ಕಳ್ಳಿಯ ಪರದೆ ಅಂತ ಹೆಸರು ಬಿತ್ತು. ಆಮೇಲೆ ಎರಡೂ ಕಡೆಯವರು ನೆಲಬಾಂಬು ಹೂತರು. ಅಮೆರಿಕ ಹೂತಿದ್ದೇ ಹತ್ತಾರು ಸಾವಿರ. ಅದರಿಂದ ಕೆಲವು ಮೈಲಿ ಈಚೆಗೆ ಮಕ್ಕಳು ಅ ಆ ಇ ಈ ಕಲಿಯುತ್ತಿದ್ದರು, ಬೇಸ್‌ಬಾಲ್ ಆಡುತ್ತಿದ್ದರು.

ಆ ಶಾಲೆಯ ಚರಿತ್ರೆಯಲ್ಲಿ ದೊಡ್ಡ ದಿನ 1962ರ ಅಕ್ಟೋಬರ್ 22. ಸೋಮವಾರ. ಸೋವಿಯತ್ ರಷ್ಯಾ ಕ್ಯೂಬಾದಲ್ಲಿ ಅಣ್ವಸ್ತ್ರ ಕ್ಷಿಪಣಿಗಳನ್ನು ತಂದಿಟ್ಟಿದೆ ಅನ್ನುವುದು ಆಗ ವಾಷಿಂಗ್ಟನ್ನಿನ ಕೆಲವೇ ಜನಕ್ಕೆ ಗೊತ್ತಿದ್ದ ಗುಟ್ಟು. ನೆಲೆಯಲ್ಲಿದ್ದ ಹೆಂಗಸರು ಮಕ್ಕಳಿಗೆ ಅದರ ಸುಳಿವೇ ಇಲ್ಲ. ಬೆಳಗ್ಗೆ ಎಲ್ಲ ದಿನದ ಹಾಗೆ ಶುರುವಾಯಿತು. ಮಧ್ಯಾಹ್ನದ ಊಟದ ಹೊತ್ತಿಗೂ ಮೊದಲೇ ಅಪ್ಪಣೆ ಬಂತು: ಸಂಸಾರಗಳೆಲ್ಲ ಇವತ್ತೇ, ಈಗಲೇ ಹೊರಡಬೇಕು. ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ. ನಾಯಿ ಬೆಕ್ಕುಗಳನ್ನು ಅಂಗಳದಲ್ಲಿ ಕಟ್ಟಿಹಾಕಿ. ಮನೆಯ ಬೀಗದ ಕೈ ಊಟದ ಮೇಜಿನ ಮೇಲೆ ಇಡಿ. ಮನೆಮುಂದೆ ನಿಂತಿರಿ, ಬಸ್ಸು ಬರುತ್ತದೆ.

ಈ ನಾಲ್ಕು ಸಾಲುಗಳನ್ನು ನಾನು ಎಷ್ಟು ಸಲ ಓದಿದೆನೋ. ಆಜ್ಞೆ ಬರೆದವರು ಎಷ್ಟು ಯೋಚನೆ ಮಾಡಿದ್ದಾರೆ ನೋಡಿ. ಬೀಗದ ಕೈ ಎಲ್ಲಿಡಬೇಕು ಅನ್ನುವುದೂ ಇದೆ, ನಾಯಿಯ ಗತಿ ಏನು ಅನ್ನುವುದೂ ಇದೆ. ಯಾಕೆ ಹೋಗಬೇಕು, ಯಾವಾಗ ವಾಪಸ್ ಬರುತ್ತೀರಿ ಅನ್ನುವುದು ಮಾತ್ರ ಇಲ್ಲ. ಎಂಟು ವರ್ಷದ ಮಗುವಿನ ಕಡೆಯಿಂದ ನೋಡಿ. ನಾಯಿಯನ್ನು ಕಟ್ಟಿಹಾಕುವ ಕೆಲಸ ಹೆಚ್ಚಾಗಿ ಆ ಮಗುವಿನ ಪಾಲಿಗೇ ಬಂದಿರುತ್ತದೆ. ಅಪ್ಪ ಇಲ್ಲೇ ಉಳಿಯುತ್ತಾನೆ, ನಾವು ಹೋಗುತ್ತೇವೆ ಅನ್ನುವುದಷ್ಟು ಅದಕ್ಕೆ ಅರ್ಥವಾಗಿರುತ್ತದೆ.

ಸಂಜೆಯಾಗುವಷ್ಟರಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಹಡಗು ವಿಮಾನ ಹತ್ತಿಯಾಗಿತ್ತು. ಮರೀನ್‌ಗಳನ್ನು ಹೊತ್ತು ತಂದ ವಿಮಾನಗಳಲ್ಲೇ ಕೆಲವರನ್ನು ವಾಪಸ್ ಕಳಿಸಿದರು. ರಾತ್ರಿ ಏಳು ಗಂಟೆಗೆ ಅಧ್ಯಕ್ಷ ಕೆನೆಡಿ ಟೀವಿಯಲ್ಲಿ ಮಾತಾಡಿದರು. ಜಗತ್ತು ಅಣುಯುದ್ಧದ ಅಂಚಿಗೆ ಬಂದು ನಿಂತಿದೆ ಅಂತ ಅಮೆರಿಕದ ಜನಕ್ಕೆ ಗೊತ್ತಾಗಿದ್ದು ಆಗ. ಆ ಭಾಷಣದಲ್ಲಿ ಈ ಮಕ್ಕಳ ಬಗ್ಗೆ ಒಂದು ತುಂಡು ಮಾತು ಬರುತ್ತದೆ. ಗ್ವಾಂಟಾನಮೊ ನೆಲೆಯನ್ನು ಬಲಪಡಿಸಿದ್ದೇನೆ, ಅಲ್ಲಿದ್ದ ಸಿಬ್ಬಂದಿಯ ಅವಲಂಬಿತರನ್ನು ಇವತ್ತು ತೆರವು ಮಾಡಿಸಿದ್ದೇನೆ ಅಂತ. ಅಷ್ಟೇ. ಒಂದು ವಾಕ್ಯದ ಮಧ್ಯದ ತುಂಡು.

ಹಡಗುಗಳು ವರ್ಜೀನಿಯಾದ ನಾರ್‌ಫೋಕ್ ಮುಟ್ಟಿದ್ದು ಮೂರು ದಿನದ ಮೇಲೆ. ಕ್ಯೂಬಾದ ಸೆಕೆಗೆ ಹೊಲಿಸಿದ ಬಟ್ಟೆಯಲ್ಲಿ ಮಕ್ಕಳು ಅಕ್ಟೋಬರ್ ಚಳಿಗೆ ಇಳಿದರು. ಅಲ್ಲಿಂದ ಅಜ್ಜಿ ಮನೆ, ಚಿಕ್ಕಪ್ಪನ ಮನೆ ಅಂತ ದೇಶದ ತುಂಬಾ ಹಂಚಿಹೋದರು. ಅಕ್ಟೋಬರ್ 28ಕ್ಕೆ ಸೋವಿಯತ್ ನಾಯಕ ಕ್ರುಶ್ಚೇವ್ ಕ್ಷಿಪಣಿ ವಾಪಸ್ ತೆಗೆಯಲು ಒಪ್ಪಿದರು. ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಮೊದಲು, ಸಂಸಾರಗಳು ಮತ್ತೆ ಗ್ವಾಂಟಾನಮೊಗೆ ಬಂದವು. ಶಾಲೆ ಮತ್ತೆ ಶುರು.

ಅದೇ ವಾರ ನಮ್ಮ ಕಡೆ ಏನಾಗುತ್ತಿತ್ತು ಅನ್ನುವುದು ಕನ್ನಡದ ಓದುಗರಿಗೆ ಹೇಳಬೇಕಾಗಿಲ್ಲ. 1962ರ ಅಕ್ಟೋಬರ್ 20ರಂದು ಚೀನಾ ನಮ್ಮ ಗಡಿಯ ಮೇಲೆ ಬಿದ್ದಿತ್ತು. ಕ್ಯೂಬಾದ ಗಲಾಟೆಯಲ್ಲಿ ಜಗತ್ತಿನ ಗಮನ ನಮ್ಮ ಕಡೆ ಇರಲಿಲ್ಲ. ಕೊಡಗಿನಲ್ಲಿ, ಬೆಳಗಾವಿಯಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಅಪ್ಪನ ಸುದ್ದಿಗೆ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದ ದಿನಗಳು ಅವು. ಯುದ್ಧ ನಿಂತ ಆ ನವೆಂಬರ್ ತಿಂಗಳಲ್ಲೇ ಕೇಂದ್ರ ಸರ್ಕಾರ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯುದ್ಧಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಎರಡನೇ ವೇತನ ಆಯೋಗ ಮೊದಲೇ ಶಿಫಾರಸು ಮಾಡಿದ್ದು ಅದು. ಪದೇ ಪದೇ ವರ್ಗವಾಗುವ ನೌಕರರ ಮಕ್ಕಳಿಗೆ ದೇಶದ ತುಂಬಾ ಒಂದೇ ಪಾಠಕ್ರಮದ ಶಾಲೆಗಳು ಬೇಕು ಅನ್ನುವ ಯೋಜನೆ. 1963-64ರಲ್ಲಿ ಸೇನೆಯ ರೆಜಿಮೆಂಟುಗಳು ನಡೆಸುತ್ತಿದ್ದ 20 ಶಾಲೆಗಳನ್ನು ತೆಗೆದುಕೊಂಡು ಸೆಂಟ್ರಲ್ ಸ್ಕೂಲ್ ಅಂತ ಶುರು ಮಾಡಿದರು. ಆಮೇಲೆ ಅದು ಕೇಂದ್ರೀಯ ವಿದ್ಯಾಲಯ ಆಯಿತು. ನಾನು ಓದಿದ್ದು ಅಲ್ಲೇ.

ನಮ್ಮನ್ನು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದುದು ಆರ್ಮಿಯ ತ್ರೀ ಟನ್ ಲಾರಿ. ಹಿಂದುಗಡೆ ಹಲಗೆ ಬಾಗಿಲು ಎತ್ತರ. ಚಿಕ್ಕ ಮಕ್ಕಳಿಗೆ ಹತ್ತಲು ಆಗುತ್ತಿರಲಿಲ್ಲ, ಡ್ಯೂಟಿಯಲ್ಲಿದ್ದ ಜವಾನ ಒಬ್ಬೊಬ್ಬರನ್ನೇ ಕಂಕುಳಿಗೆ ಕೈ ಹಾಕಿ ಎತ್ತಿ ಒಳಗೆ ಬಿಡುತ್ತಿದ್ದ. ಎರಡು ಕಡೆ ಮರದ ಬೆಂಚು, ಮೇಲೆ ಟಾರ್ಪಾಲು, ಡೀಸೆಲ್ ವಾಸನೆ. ಮನೆಯಲ್ಲಿ ಕಪ್ಪು ಟ್ರಂಕುಗಳು, ಅದರ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ನಂಬರು, ರ‍್ಯಾಂಕು, ಹೆಸರು. ರ‍್ಯಾಂಕ್ ಬದಲಾದಾಗ ಹಳೆಯದರ ಮೇಲೆ ಕಪ್ಪು ಹೊಡೆದು ಹೊಸದು ಬರೆಸುತ್ತಿದ್ದರು. ಹಳೆಯ ಅಕ್ಷರ ಒಳಗಿನಿಂದ ಮಬ್ಬಾಗಿ ಕಾಣುತ್ತಿತ್ತು. ಅಪ್ಪನಿಗೆ ಫೀಲ್ಡ್ ಪೋಸ್ಟಿಂಗ್ ಬಂದಾಗ ನಾವು ಎಸ್.ಎಫ್. ಕ್ವಾರ್ಟರ್ಸಿನಲ್ಲಿ, ಅಂದರೆ ಸಂಸಾರ ಬಿಟ್ಟು ಹೋದ ಸೈನಿಕರ ಮನೆಯವರಿಗೆ ಕೊಡುವ ಮನೆಗಳಲ್ಲಿ, ಇದ್ದೆವು. ಗಂಡಸರಿಲ್ಲದ ಬಿಲ್ಡಿಂಗುಗಳು. ತಮಿಳು, ಪಂಜಾಬಿ, ಗಢವಾಲಿ ಎಲ್ಲ ಭಾಷೆಯ ಅಮ್ಮಂದಿರು ಹಿಂದಿಯನ್ನು ತಮಗೆ ಬಂದ ಹಾಗೆ ಮಾತಾಡಿಕೊಂಡು ಸಂಸಾರ ನಡೆಸುತ್ತಿದ್ದರು.

ಹೊಸ ಊರಿನ ಹೊಸ ಶಾಲೆಗೆ ವರ್ಷದ ನಡುವೆ ಟಿಸಿ ಹಿಡಿದುಕೊಂಡು ಹೋಗುತ್ತಿದ್ದೆ. ಟೀಚರ್ ಹೊಸಬರು, ಮಕ್ಕಳು ಹೊಸಬರು. ಆದರೆ ಬೆಳಗ್ಗೆ ಅಸೆಂಬ್ಲಿಯಲ್ಲಿ ಅದೇ ‘ಅಸತೋ ಮಾ ಸದ್ಗಮಯ’. ಗಣಿತದ ಪುಸ್ತಕ ಅದೇ, ಪಾಠ ಹೆಚ್ಚು ಕಮ್ಮಿ ಬಿಟ್ಟಲ್ಲಿಂದಲೇ. ಇದು ಹೊರಗಿನವರಿಗೆ ಸಣ್ಣ ವಿಷಯ. ನನ್ನಂಥವರಿಗೆ ಕಾಲೂರಲು ಇದ್ದ ನೆಲ ಅದೊಂದೇ. ಇಂಥ ಶಾಲೆ ಯಾರೋ ಕೂತು ಯೋಚಿಸಿ ಕಟ್ಟಿದ್ದು ಅನ್ನುವುದು ದೊಡ್ಡವಳಾದ ಮೇಲೆ ಗೊತ್ತಾಯಿತು. ಗೊತ್ತಾದಾಗ ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಕಳೆದುಕೊಂಡಿದ್ದೂ ಇದೆ. ಕನ್ನಡ ಓದಲು ಬರೆಯಲು ನನಗೆ ಶಾಲೆ ಕಲಿಸಲಿಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು.

ಅಮೆರಿಕದವರು ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. 1946ರಲ್ಲಿ ಜರ್ಮನಿಯಲ್ಲಿದ್ದ ಸೈನಿಕರ ಹತ್ತಿರಕ್ಕೆ ಹೆಂಡತಿ ಮಕ್ಕಳು ಬರತೊಡಗಿದರು. ಆ ವರ್ಷವೇ ಅಲ್ಲಿ ಶಾಲೆಗಳು ತೆರೆದವು. ಜಪಾನಿನಲ್ಲೂ ಹಾಗೇ. ಶುರುವಿನಲ್ಲಿ ಭೂಸೇನೆಯ ಶಾಲೆ ಬೇರೆ, ನೌಕಾಪಡೆಯದು ಬೇರೆ, ವಾಯುಪಡೆಯದು ಬೇರೆ. 1970ರ ದಶಕದಲ್ಲಿ ಎಲ್ಲವನ್ನೂ ರಕ್ಷಣಾ ಇಲಾಖೆಯ ಒಂದೇ ಸೂರಿನಡಿ ತಂದರು. ನೌಕಾಪಡೆಯ ಕೂಸಾಗಿದ್ದ ಸ್ಯಾಂಪ್ಸನ್ ಕೂಡ ಅದಕ್ಕೆ ಸೇರಿತು.

ಈ ಶಾಲೆಗಳ ಬಗ್ಗೆ ನನಗೆ ತುಂಬಾ ಗೌರವ ಬರುವ ವಿಷಯ ಒಂದಿದೆ. 1948ರಲ್ಲಿ ಅಧ್ಯಕ್ಷ ಟ್ರೂಮನ್ ಸೇನೆಯಲ್ಲಿ ಕರಿಯರು ಬಿಳಿಯರು ಅನ್ನುವ ಭೇದ ಇರಕೂಡದು ಅಂತ ಆಜ್ಞೆ ಹೊರಡಿಸಿದರು. ಅದು ಪೂರ್ತಿ ಜಾರಿಗೆ ಬರಲು ಕೆಲವು ವರ್ಷ ಹಿಡಿಯಿತು. ಆದರೂ 1957ರಲ್ಲಿ ಆರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಒಂಬತ್ತು ಕರಿಯ ಮಕ್ಕಳನ್ನು ಶಾಲೆಯೊಳಗೆ ಬಿಡಲು ಅಮೆರಿಕ ಸರ್ಕಾರ ಸೈನಿಕರನ್ನು ಕಳಿಸಬೇಕಾಗಿ ಬಂದಾಗ, ಅದೇ ಸೈನಿಕರ ಮಕ್ಕಳು ಕಡಲಾಚೆಯ ಶಾಲೆಗಳಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಸ್ವಂತ ದೇಶದಲ್ಲಿ ಆಗದ ಕೆಲಸ ಪರದೇಶದ ಬೇಲಿಯೊಳಗೆ ಆಗಿತ್ತು.

ಮತ್ತೆ ಗ್ವಾಂಟಾನಮೊ. 1964ರ ಫೆಬ್ರುವರಿ. ಫ್ಲಾರಿಡಾ ಹತ್ತಿರ ಮೀನು ಹಿಡಿಯುತ್ತಿದ್ದ ನಾಲ್ಕು ಕ್ಯೂಬನ್ ದೋಣಿಗಳನ್ನು ಅಮೆರಿಕದವರು ಹಿಡಿದಿಟ್ಟರು. ಅದಕ್ಕೆ ಪ್ರತಿಯಾಗಿ ಫೆಬ್ರುವರಿ 6ರಂದು ಕ್ಯಾಸ್ಟ್ರೊ ನೆಲೆಗೆ ಬರುತ್ತಿದ್ದ ನೀರು ನಿಲ್ಲಿಸಿದರು. ಅಲ್ಲಿಯವರೆಗೂ ನೆಲೆಯ ಕುಡಿಯುವ ನೀರು ಬರುತ್ತಿದ್ದುದು ಬೇಲಿಯಾಚೆಯ ಯಾಟೆರಾಸ್ ನದಿಯಿಂದ. ಹೆಂಗಸರು ಮಕ್ಕಳಿಗೋಸ್ಕರ ದಿನಕ್ಕೆ ಒಂದು ಗಂಟೆ ನೀರು ಬಿಡುತ್ತೇವೆ ಅಂದರು. ಅಮೆರಿಕ ಬೇಡ ಅಂದಿತು. ಜಮೈಕಾದಿಂದ ಟ್ಯಾಂಕರ್ ಹಡಗುಗಳಲ್ಲಿ ನೀರು ತರಿಸಿತು. ನೆಲೆಯಲ್ಲಿ ನೀರಿಗೆ ರೇಷನ್ ಬಂತು. ಇಂತಿಷ್ಟು ಗಂಟೆ ಮಾತ್ರ ನಲ್ಲಿ. ಇದನ್ನು ಓದುವಾಗ ಬೆಂಗಳೂರಿನ, ಹುಬ್ಬಳ್ಳಿಯ ಯಾರಿಗಾದರೂ ವಿವರಿಸಬೇಕಾ ಹೇಳಿ.

ಅಷ್ಟರಲ್ಲೇ ಇನ್ನೊಂದು ಮಾತು ಬಂತು. ನೆಲೆಯವರು ಗುಟ್ಟಾಗಿ ಇನ್ನೂ ನಮ್ಮ ನೀರು ಕದಿಯುತ್ತಿದ್ದಾರೆ ಅಂತ ಕ್ಯೂಬಾ ದೂರಿತು. ಆಗ ನೆಲೆಯ ಮುಖ್ಯಸ್ಥರಾಗಿದ್ದವರು ಅಡ್ಮಿರಲ್ ಜಾನ್ ಬಲ್ಕ್‌ಲಿ. 1942ರಲ್ಲಿ ಫಿಲಿಪೀನ್ಸ್‌ನಿಂದ ಜನರಲ್ ಮೆಕಾರ್ಥರ್ ಅವರನ್ನು ಸಣ್ಣ ಟಾರ್ಪಿಡೊ ದೋಣಿಯಲ್ಲಿ ಪಾರು ಮಾಡಿದ್ದ ಮನುಷ್ಯ. ಅವರು ಪತ್ರಕರ್ತರನ್ನು ಕರೆದು, ಗೇಟಿನ ಹತ್ತಿರ ನೆಲ ಅಗೆಸಿ, ಎಲ್ಲರ ಮುಂದೆ ಪೈಪನ್ನೇ ಕತ್ತರಿಸಿಬಿಟ್ಟರು. ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಮಾದಲ್ಲಿದ್ದ ಸಮುದ್ರದ ನೀರು ಸಿಹಿ ಮಾಡುವ ಘಟಕವನ್ನು ಬಿಚ್ಚಿ ಹಡಗಿನಲ್ಲಿ ತಂದು ಗ್ವಾಂಟಾನಮೊದಲ್ಲಿ ಜೋಡಿಸಿದರು. ಅವತ್ತಿನಿಂದ ನೆಲೆ ತನ್ನ ನೀರು ತಾನೇ ಮಾಡಿಕೊಳ್ಳುತ್ತದೆ. ಅದರ ಜೊತೆಗೆ ಬೇಲಿಯಾಚೆಯಿಂದ ಬರುತ್ತಿದ್ದ ಕ್ಯೂಬನ್ ಕೆಲಸಗಾರರಲ್ಲಿ ಹೆಚ್ಚಿನವರನ್ನು ತೆಗೆದುಹಾಕಿದರು. ಅವರ ಜಾಗಕ್ಕೆ ಜಮೈಕಾದವರು, ಆಮೇಲೆ ಫಿಲಿಪೀನ್ಸ್‌ನವರು ಬಂದರು. ಕೆಲವು ಕ್ಯೂಬನ್ನರು ವಾಪಸ್ ಹೋಗದೆ ನೆಲೆಯೊಳಗೇ ಉಳಿದು, ಅಲ್ಲೇ ಮುದುಕರಾದರು.

ಇಷ್ಟೆಲ್ಲ ಆದರೂ ಅಲ್ಲಿ ಬೆಳೆದ ಮಕ್ಕಳಿಗೆ ಅದು ಸಂತೋಷದ ಜಾಗವೇ. ಅವರ ನೆನಪಿನಲ್ಲಿ ಇರುವುದು ಬಯಲು ಸಿನಿಮಾ, ಬೀಗ ಹಾಕದ ಮನೆಗಳು, ಹವಳದ ಕಡಲು. ರಸ್ತೆಗೆ ಅಡ್ಡ ಬಂದು ಬಿಸಿಲು ಕಾಯಿಸುವ ಇಗ್ವಾನಾಗಳು, ಉಡಕ್ಕಿಂತ ದಪ್ಪಗೆ, ಬೆನ್ನ ಮೇಲೆ ಗರಗಸದಂಥ ಸಾಲು. ವಿಮಾನ ನಿಲ್ದಾಣ ಕೊಲ್ಲಿಯ ಒಂದು ದಡದಲ್ಲಿ, ಮನೆ ಶಾಲೆ ಇನ್ನೊಂದು ದಡದಲ್ಲಿ. ಬರುವವರೂ ಹೋಗುವವರೂ ದೋಣಿ ದಾಟಲೇಬೇಕು. ಎರಡು ಮೂರು ವರ್ಷಕ್ಕೆ ಅಪ್ಪನ ವರ್ಗವಾಗುತ್ತದೆ. ಶಾಲೆಯ ಕೊನೆಯ ತರಗತಿಯಲ್ಲಿ ಒಟ್ಟಿಗೆ ಪಾಸಾಗುವವರು ಕೆಲವು ಸಲ ಬೆರಳೆಣಿಕೆಯಷ್ಟು. ಆಟದ ತಂಡದ ಹೆಸರು ‘ಕಡಲ್ಗಳ್ಳರು’. ಸುತ್ತ ಸಾಕಷ್ಟು ಕಡಲಿದೆ, ಪಂದ್ಯ ಆಡಲು ಪಕ್ಕದ ಊರಿನ ಶಾಲೆ ಒಂದೂ ಇಲ್ಲ.

1994ರಲ್ಲಿ ಮತ್ತೊಮ್ಮೆ ಶಾಲೆ ಖಾಲಿಯಾಯಿತು. ಈ ಸಲ ಕ್ಷಿಪಣಿ ಅಲ್ಲ, ಜನ. ಹೈಟಿಯಿಂದಲೂ ಕ್ಯೂಬಾದಿಂದಲೂ ಸಾವಿರಾರು ಜನ ಸಿಕ್ಕಿದ ದೋಣಿ, ತೆಪ್ಪ, ಟ್ಯೂಬು ಕಟ್ಟಿಕೊಂಡು ಅಮೆರಿಕದ ಕಡೆಗೆ ಹೊರಟರು. ಅಮೆರಿಕದ ಹಡಗುಗಳು ಅವರನ್ನು ಕಡಲಲ್ಲೇ ತಡೆದು ಗ್ವಾಂಟಾನಮೊಗೆ ತಂದವು. ನೆಲೆಯ ತುಂಬಾ ಡೇರೆಗಳು. ಒಂದು ಹಂತದಲ್ಲಿ ಅಲ್ಲಿದ್ದ ವಲಸಿಗರ ಸಂಖ್ಯೆ ನಲವತ್ತು ಸಾವಿರ ದಾಟಿತು. ನೀರು, ಕರೆಂಟು ಸಾಲದಾಯಿತು. ಸೈನಿಕರ ಸಂಸಾರಗಳನ್ನು ತವರಿಗೆ ಕಳಿಸಿದರು. ಅವರು ವಾಪಸ್ ಬಂದಿದ್ದು 1995ರ ಅಕ್ಟೋಬರ್‌ನಲ್ಲಿ.

ಡೇರೆಗಳಲ್ಲಿದ್ದವರಲ್ಲಿ ಮಕ್ಕಳೂ ಇದ್ದರು. ಅಪ್ಪ ಅಮ್ಮ ಜೊತೆಗಿಲ್ಲದೆ ಒಂಟಿಯಾಗಿ ಬಂದ ಹೈಟಿಯ ಮಕ್ಕಳೂ ಇದ್ದರು. ಅದನ್ನು ಓದಿದ ಮೇಲೆ ನನಗೆ ಈ ಶಾಲೆಯ ಕಥೆ ಬೇರೆಯೇ ಆಗಿ ಕಾಣತೊಡಗಿತು. ಅಲ್ಲಿಯವರೆಗೂ ನನ್ನ ಮನಸ್ಸೆಲ್ಲ ಹಡಗು ಹತ್ತಿ ಹೋದ ಸೈನಿಕರ ಮಕ್ಕಳ ಕಡೆಗೇ ಇತ್ತು. ಅವರು ನನ್ನವರು. ಆದರೆ ಅವರಿಗೆ ಹೋಗಲು ಒಂದು ಊರಿತ್ತು, ಅವರ ಹೆಸರು ಒಂದು ಹಾಜರಿ ಪುಸ್ತಕದಲ್ಲಿತ್ತು, ಅವರಿಗೋಸ್ಕರ ಬಸ್ಸು ಬರುತ್ತಿತ್ತು.

ಮುಂದಿನದು ಇನ್ನೂ ಕಷ್ಟದ್ದು. 2002ರ ಜನವರಿ 11ರಂದು ಮೊದಲ 20 ಕೈದಿಗಳನ್ನು ವಿಮಾನದಲ್ಲಿ ತಂದರು. ಒಟ್ಟಾರೆ ಸುಮಾರು 780 ಜನ ಆ ಜೈಲಿನಲ್ಲಿ ಇದ್ದು ಹೋಗಿದ್ದಾರೆ, ಬಹಳಷ್ಟು ಮಂದಿ ವಿಚಾರಣೆಯೇ ಇಲ್ಲದೆ. ಅವರಲ್ಲಿ ಹುಡುಗರೂ ಇದ್ದರು. ಹದಿಮೂರರಿಂದ ಹದಿನೈದರ ನಡುವಿನ ಮೂವರು ಅಫ್ಘಾನ್ ಹುಡುಗರನ್ನು ಇಗ್ವಾನಾ ಕ್ಯಾಂಪ್ ಅನ್ನುವ ಪ್ರತ್ಯೇಕ ಜಾಗದಲ್ಲಿ ಇಟ್ಟಿದ್ದರು. ಅವರಿಗೆ ಓದು ಬರಹ ಕಲಿಸುವ ಏರ್ಪಾಡು ಮಾಡಿದ್ದರು. 2004ರ ಜನವರಿಯಲ್ಲಿ ಬಿಟ್ಟು ಕಳಿಸಿದರು. ಕೆನಡಾದ ಒಮರ್ ಖಾದರ್ ಸಿಕ್ಕಿಬಿದ್ದಾಗ ವಯಸ್ಸು ಹದಿನೈದು. ಆತನಿಗೆ ಆ ಮಟ್ಟದ ರಿಯಾಯಿತಿಯೂ ಸಿಗಲಿಲ್ಲ. ದೊಡ್ಡವರ ಜೊತೆಗೇ ಇಟ್ಟು, ಅಲ್ಲೇ ಹತ್ತು ವರ್ಷ ಕಳೆಯುವ ಹಾಗಾಯಿತು.

ಅಂದರೆ 2003ರಲ್ಲಿ ಆ 45 ಚದರ ಮೈಲಿಯೊಳಗೆ ಹದಿನೈದು ವರ್ಷದ ಮಕ್ಕಳು ಎರಡು ತರಹ ಪಾಠ ಕಲಿಯುತ್ತಿದ್ದರು. ಒಂದು ಕಡೆ ಸ್ಯಾಂಪ್ಸನ್ ಶಾಲೆ. ಇನ್ನೊಂದು ಕಡೆ ಸೆರೆಮನೆಯ ಪಾಠ. ಇಬ್ಬರೂ ಸೈನಿಕರ ಕಾವಲಿನಲ್ಲೇ ಇದ್ದವರು. ಇಬ್ಬರೂ ತಾವಾಗಿ ಅಲ್ಲಿಗೆ ಬಂದವರಲ್ಲ. ಸೈನಿಕರ ಮಕ್ಕಳ ಮೇಲೆ ನಾನು ತಪ್ಪು ಹೊರಿಸುತ್ತಿಲ್ಲ, ಅವರ ಟೀಚರುಗಳ ಮೇಲೂ ಇಲ್ಲ. ಆದರೆ ಒಂದು ಸರ್ಕಾರಕ್ಕೆ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಗೊತ್ತಿಲ್ಲದೇ ಇರಲಿಲ್ಲ. ಚೆನ್ನಾಗಿಯೇ ಗೊತ್ತಿತ್ತು. ಎಪ್ಪತ್ತು ವರ್ಷದಿಂದ ಅದೇ ನೆಲದಲ್ಲಿ ಮಾಡಿಕೊಂಡು ಬಂದಿತ್ತು. ಆ ಅಕ್ಕರೆ ಯಾವ ಮಕ್ಕಳ ಹತ್ತಿರ ಬಂದಾಗ ನಿಂತುಹೋಯಿತು ಅನ್ನುವುದೇ ನನ್ನನ್ನು ಕಾಡುತ್ತದೆ.

ಎಷ್ಟು ಚೆನ್ನಾಗಿ ಗೊತ್ತಿತ್ತು ಅನ್ನುವುದಕ್ಕೆ ಇತ್ತೀಚಿನ ಸಾಕ್ಷಿಯೂ ಇದೆ. ಅಮೆರಿಕದಲ್ಲಿ ದೇಶದ ಮಟ್ಟದಲ್ಲಿ ನಾಲ್ಕನೇ ಮತ್ತು ಎಂಟನೇ ತರಗತಿಯ ಮಕ್ಕಳ ಓದು, ಗಣಿತ ಎರಡನ್ನೂ ಅಳೆಯುವ ಒಂದು ಪರೀಕ್ಷೆ ನಡೆಯುತ್ತದೆ. 2022ರಲ್ಲಿ, ಕೋವಿಡ್ ಆದಮೇಲೆ, ಹೆಚ್ಚಿನ ರಾಜ್ಯಗಳು ಬಿದ್ದುಹೋದವು. ರಕ್ಷಣಾ ಇಲಾಖೆಯ ಶಾಲೆಗಳು ಎಲ್ಲ ರಾಜ್ಯಗಳಿಗಿಂತ ಮುಂದಿದ್ದವು. ಕಾರಣಗಳಲ್ಲಿ ಮಾಯಮಂತ್ರ ಏನೂ ಇಲ್ಲ. ಎಲ್ಲ ಶಾಲೆಗಳಲ್ಲೂ ಒಂದೇ ಪಾಠಕ್ರಮ. ಟೀಚರುಗಳಿಗೆ ಒಳ್ಳೆ ಸಂಬಳ. ಪ್ರತಿ ಮಗುವಿನ ಮನೆಯಲ್ಲೂ ಒಬ್ಬರಿಗಾದರೂ ಕೆಲಸ, ತಲೆ ಮೇಲೆ ಸೂರು, ಆಸ್ಪತ್ರೆ ಖರ್ಚಿಗೆ ಭಯವಿಲ್ಲ. ಸಿಪಾಯಿಯ ಮಗಳೂ ಕರ್ನಲ್ ಮಗನೂ ಒಂದೇ ತರಗತಿಯಲ್ಲಿ. ಬಡವರ ಮಕ್ಕಳಿಗೆ ಒಳ್ಳೆ ಶಾಲೆ ಕೊಡುವುದು ಹೇಗೆ ಅಂತ ಸಮಿತಿ ಮೇಲೆ ಸಮಿತಿ ಮಾಡುವವರು ಈ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ನಮ್ಮ ಕೇಂದ್ರೀಯ ವಿದ್ಯಾಲಯಗಳ ಸೀಟಿಗೆ ಇಷ್ಟು ನೂಕುನುಗ್ಗಲು ಯಾಕೆ ಅನ್ನುವುದಕ್ಕೂ ಉತ್ತರ ಇದರಲ್ಲಿ ಸಾಕಷ್ಟಿದೆ.

ಸ್ಯಾಂಪ್ಸನ್ ಶಾಲೆ ಈಗಲೂ ನಡೆಯುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಓದಿದ ಮಕ್ಕಳು ಇನ್ನೂರು ಚಿಲ್ಲರೆ. ಇದರ ಓರಗೆಯ ಎಷ್ಟೋ ಶಾಲೆಗಳು ಹೋಗಿಬಿಟ್ಟವು. ಬರ್ಲಿನ್ ಗೋಡೆ ಬಿದ್ದ ಮೇಲೆ ಬರ್ಲಿನ್ನಿನ ಅಮೆರಿಕನ್ ಹೈಸ್ಕೂಲ್ 1994ರಲ್ಲಿ ಮುಚ್ಚಿತು. ಫಿಲಿಪೀನ್ಸ್‌ನ ಕ್ಲಾರ್ಕ್ ವಾಯುನೆಲೆಯ ಶಾಲೆಯನ್ನು 1991ರಲ್ಲಿ ಪಿನಾಟುಬೊ ಜ್ವಾಲಾಮುಖಿಯೇ ಮುಗಿಸಿತು. ನೆಲೆ ಹೋದರೆ ಶಾಲೆ ಹೋಗುತ್ತದೆ. ಊರಿನವರು ಕಟ್ಟಿದ ಶಾಲೆಯಾದರೆ ಊರಿನವರು ಉಳಿಸಿಕೊಳ್ಳಲು ಹೋರಾಡುತ್ತಾರೆ. ಇವಕ್ಕೆ ಊರೇ ಇಲ್ಲ.

ಸ್ಯಾಂಪ್ಸನ್ ಉಳಿದಿದ್ದರೂ ಹಳೆಯ ವಿದ್ಯಾರ್ಥಿಗಳು ಸುಮ್ನೆ ಒಂದು ದಿನ ಹೋಗಿ ನೋಡಿಕೊಂಡು ಬರುವ ಹಾಗಿಲ್ಲ. ನೆಲೆಯೊಳಗೆ ಕಾಲಿಡಲು ನೌಕಾಪಡೆಯ ಅನುಮತಿ ಬೇಕು. ಹಾಗಾಗಿ ಅವರು ಸೇರುವುದು ಅಮೆರಿಕದ ಯಾವುದಾದರೂ ಊರಿನಲ್ಲಿ. ಅಲ್ಲಿ 1950ರ ದಶಕದವರಿಗೆ ಕ್ಯೂಬಾ ಅಂದರೆ ಮನೆಗೆ ಬರುತ್ತಿದ್ದ ಹೆಂಗಸು ಮಾಡಿದ ಅಡುಗೆ, ಭಾನುವಾರದ ಬಸ್ಸು. 1960ರ ದಶಕದವರಿಗೆ ಹಡಗು ಮತ್ತು ನೀರಿನ ಟ್ಯಾಂಕರು. ಈಶಾನ್ಯದ ಗೇಟಿನಿಂದ ದಿನಾ ಬೆಳಗ್ಗೆ ನಡೆದು ಬಂದು ಸಂಜೆ ವಾಪಸ್ ಹೋಗುತ್ತಿದ್ದ ಕ್ಯೂಬನ್ ಕೆಲಸಗಾರರು ವರ್ಷ ವರ್ಷ ಕಡಿಮೆಯಾಗುತ್ತಾ ಬಂದು, ಉಳಿದ ಇಬ್ಬರು 2012ರ ಡಿಸೆಂಬರ್‌ನಲ್ಲಿ ನಿವೃತ್ತರಾದರು. ಇಬ್ಬರಿಗೂ ಎಂಬತ್ತರ ಆಸುಪಾಸು. ಅದಾದ ಮೇಲೆ ಸೇರಿದ ಮಕ್ಕಳಿಗೆ ಬೇಲಿಯಾಚೆಯಿಂದ ದಿನಾ ಬರುವವರು ಅಂತ ಯಾರೂ ಇಲ್ಲ. ಕ್ಯೂಬಾದಲ್ಲೇ ಅಷ್ಟು ವರ್ಷ ಓದಿಯೂ ಅವರಿಗೆ ಕ್ಯೂಬಾದ ಒಬ್ಬ ಹುಡುಗನ, ಒಬ್ಬಳು ಹುಡುಗಿಯ ಪರಿಚಯವಿಲ್ಲ.